‘ಅಂತರ್ಜಾಲ ವರವೋ ಶಾಪವೋ’ ಎಂಬ ವಿಷಯಕ್ಕೆ ಸ್ವಲ್ಪ ರಜೆ ಕೊಡೋಣ

ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಚರ್ಚಾ ಸ್ಪರ್ಧೆ. ಮೂವರು ನಿರ್ಣಾಯಕರಲ್ಲಿ ನಾನೂ ಒಬ್ಬ. ವಿಷಯ ಎಲ್ಲರಿಗೂ ಗೊತ್ತಿರುವಂಥದ್ದೇ: ‘ಅಂತರ್ಜಾಲ ಸಮಾಜಕ್ಕೆ ವರವೋ ಶಾಪವೋ’. ಮೂರನೇ ಹುಡುಗ ಎದ್ದು ನಿಂತು, “ಇಂದಿನ ಡಿಜಿಟಲ್ ಯುಗದಲ್ಲಿ ಅಂತರ್ಜಾಲವು ಒಂದು ನಾಣ್ಯದ ಎರಡು ಮುಖಗಳಿದ್ದಂತೆ” ಎಂದು ಶುರು ಮಾಡಿದ. ಆರನೆಯವಳು ಬೇರೆ ಶಾಲೆಯವಳು, ಎದುರು ಪಕ್ಷದವಳು. ಅವಳೂ ಅದೇ ವಾಕ್ಯದಿಂದ ಶುರು ಮಾಡಿದಳು. ಒಂಬತ್ತನೆಯವನ ನಾಣ್ಯಕ್ಕೂ ಎರಡೇ ಮುಖ. ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಕಡೆ ಬಾಗಿ, “ಎಲ್ಲಾ ಚಾಟ್‌ಜಿಪಿಟಿ ಸಾರ್” ಅಂದರು.

ನಗು ಬಂತು. ಆದರೆ ಯಂತ್ರವನ್ನು ಬೈಯಲು ಮನಸ್ಸಾಗಲಿಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದಕ್ಕೂ ಮೊದಲು ಇದೇ ಭಾಷಣ ಪ್ರಬಂಧದ ಪುಸ್ತಕದಿಂದ ಬರುತ್ತಿತ್ತು. ಅದಕ್ಕೂ ಹಿಂದೆ ಮೇಷ್ಟ್ರೇ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ನಾನೂ ‘ವಿಜ್ಞಾನ ವರವೋ ಶಾಪವೋ’ ಅಂತ ಐದು ನಿಮಿಷ ಕೂಗಿ ಒಂದು ಸ್ಟೀಲ್ ಲೋಟ ಗೆದ್ದವನೇ. ಆ ಲೋಟ ಇನ್ನೂ ಮನೆಯಲ್ಲಿದೆ. ಅವತ್ತು ಏನು ಮಾತಾಡಿದೆ ಅನ್ನೋದು ಒಂದು ಅಕ್ಷರವೂ ನೆನಪಿಲ್ಲ.

ನಿರ್ಣಾಯಕರಿಗೆ ಕೊಟ್ಟ ಅಂಕಪಟ್ಟಿಯಲ್ಲಿ ನಾಲ್ಕು ಕಾಲಂ ಇದ್ದವು. ವಿಷಯ ಮಂಡನೆಗೆ 20, ಭಾಷೆಗೆ 10, ಹಾವಭಾವಕ್ಕೆ 10, ಸಮಯ ಪಾಲನೆಗೆ 10. ಒಟ್ಟು 50. ಎದುರಾಳಿ ಹೇಳಿದ್ದಕ್ಕೆ ಉತ್ತರ ಕೊಟ್ಟರೆ ಎಷ್ಟು? ಅದಕ್ಕೆ ಕಾಲಮ್ಮೇ ಇಲ್ಲ. ಅಂದರೆ ಚರ್ಚಾ ಸ್ಪರ್ಧೆಯಲ್ಲಿ ಚರ್ಚೆಗೆ ಸೊನ್ನೆ ಅಂಕ. ಇದು ಆ ಒಂದು ಶಾಲೆಯ ತಪ್ಪಲ್ಲ. ಪ್ರತಿಭಾ ಕಾರಂಜಿಯಿಂದ ಹಿಡಿದು ಗಣೇಶೋತ್ಸವದ ಪೆಂಡಾಲಿನವರೆಗೆ ಇಂಥ ಸ್ಪರ್ಧೆಗಳಲ್ಲಿ ನಾನು ಜಾಸ್ತಿ ಕೇಳಿರುವುದು ಸರದಿಯಲ್ಲಿ ಬಂದು ಹೋಗುವ ಭಾಷಣಗಳನ್ನೇ. ಪರ ಮಾತಾಡಿದವನು ಇಳಿದು ಹೋಗಿ ನೀರು ಕುಡಿಯುತ್ತಾನೆ. ವಿರೋಧ ಮಾತಾಡುವವಳು ತನ್ನ ಚೀಟಿ ನೋಡಿಕೊಳ್ಳುತ್ತಿರುತ್ತಾಳೆ. ಯಾರೂ ಯಾರ ಮಾತನ್ನೂ ಕೇಳಿಸಿಕೊಂಡಿರುವುದಿಲ್ಲ.

ಬೇರೆ ವಿಷಯಗಳಿಗಾದರೆ ಇದು ಹೇಗೋ ನಡೆದು ಹೋಗುತ್ತದೆ. ಇಂಟರ್ನೆಟ್ ವಿಷಯದಲ್ಲಿ ನಡೆಯಬಾರದು ಅನ್ನೋದು ನನ್ನ ವಾದ. ಯಾಕಂದರೆ ಇದು ಮುಗಿದ ಕಥೆ ಅಲ್ಲ. ಈಗ ಎಂಟನೇ ಕ್ಲಾಸಿನಲ್ಲಿರುವ ಮಗು ಹತ್ತು ವರ್ಷದಲ್ಲಿ ಕೆಲಸ ಹುಡುಕುತ್ತಿರುತ್ತದೆ, ವೋಟು ಹಾಕುತ್ತಿರುತ್ತದೆ. ಅಷ್ಟರೊಳಗೆ ಇಂಟರ್ನೆಟ್ ಯಾರ ಕೈಯಲ್ಲಿರಬೇಕು, ಯಾವ ವಯಸ್ಸಿಗೆ ಸಿಗಬೇಕು, ಎಷ್ಟಕ್ಕೆ ಸಿಗಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನೋದೆಲ್ಲ ತೀರ್ಮಾನವಾಗುತ್ತಿರುತ್ತದೆ. ಆ ತೀರ್ಮಾನದಲ್ಲಿ ಪಾಲು ಬೇಕಾದರೆ, ಮುಂದೆ ಏನಾಗಬಹುದು ಅಂತ ಊಹಿಸಿ, ಆ ಊಹೆಯನ್ನು ಇನ್ನೊಬ್ಬರ ಎದುರು ಸಮರ್ಥಿಸಿಕೊಂಡು, ತಪ್ಪಾದರೆ ಒಪ್ಪಿಕೊಳ್ಳುವುದು ಗೊತ್ತಿರಬೇಕು. ‘ವರವೋ ಶಾಪವೋ’ ಈ ಮೂರರಲ್ಲಿ ಒಂದನ್ನೂ ಕಲಿಸುವುದಿಲ್ಲ. ಕರೆಂಟು ವರವೋ ಶಾಪವೋ ಅಂತ ಯಾರಾದರೂ ಕೇಳುತ್ತಾರಾ? ಕರೆಂಟು ಎಷ್ಟು ಹೊತ್ತಿಗೆ ಬರುತ್ತೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಕೊಡ್ತಾರೆ ಅಂತ ಕೇಳುತ್ತಾರೆ.

ಹಾಗಾಗಿ ಪರಿಚಯದ ಮೇಷ್ಟ್ರೊಬ್ಬರ ಕ್ಲಾಸಿನಲ್ಲಿ, ಶನಿವಾರದ ಕೊನೆ ಪೀರಿಯಡ್‌ನಲ್ಲಿ, ಬೇರೆ ಥರ ಪ್ರಯತ್ನ ಮಾಡಿದೆವು. ಕಂಪ್ಯೂಟರ್ ಲ್ಯಾಬ್ ಬೇಕಾಗಲಿಲ್ಲ. ಇಂಟರ್ನೆಟ್ ಬಗ್ಗೆ ಚರ್ಚೆ ಮಾಡಲು ಇಂಟರ್ನೆಟ್ಟೂ ಬೇಕಾಗಲಿಲ್ಲ. ಕರಿಹಲಗೆ ಸಾಕಾಯಿತು.

ಮೊದಲು ಹಳೇ ಭವಿಷ್ಯವಾಣಿಗಳನ್ನು ತೆಗೆದುಕೊಂಡೆವು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಬಾಬ್ ಮೆಟ್‌ಕಾಫ್ ಎಂಬವರು ಒಂದು ಅಂಕಣ ಬರೆದರು. 1996ರಲ್ಲಿ ಇಂಟರ್ನೆಟ್ ಪೂರ್ತಿ ಕುಸಿದು ಬೀಳುತ್ತದೆ ಅಂದರು. ಅವರು ದಾರಿಹೋಕರಲ್ಲ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಕಂಡುಹಿಡಿದವರಲ್ಲಿ ಒಬ್ಬರು. ತಪ್ಪಾದರೆ ನನ್ನ ಮಾತನ್ನು ನಾನೇ ತಿನ್ನುತ್ತೇನೆ ಅಂತಲೂ ಹೇಳಿದ್ದರು. ಇಂಟರ್ನೆಟ್ ಕುಸಿಯಲಿಲ್ಲ. 1997ರಲ್ಲಿ ಒಂದು ಸಮ್ಮೇಳನದ ವೇದಿಕೆಯಲ್ಲಿ ಆ ಅಂಕಣದ ಕಾಗದವನ್ನು ಮಿಕ್ಸಿಗೆ ಹಾಕಿ, ನೀರಿನಲ್ಲಿ ರುಬ್ಬಿ, ಎಲ್ಲರ ಎದುರೇ ತಿಂದುಬಿಟ್ಟರು.

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು: ಈ ಮನುಷ್ಯನಿಗೆ ಎಷ್ಟು ಅಂಕ ಕೊಡ್ತೀರಿ? ಮೊದಲು ಎಲ್ಲರೂ ಸೊನ್ನೆ ಅಂದರು. ಹಿಂದಿನ ಬೆಂಚಿನಿಂದ ಒಬ್ಬ, “ತಪ್ಪು ಅಂತ ಗೊತ್ತಾಗಿದ್ದೇ ವರ್ಷ ಹೇಳಿದ್ದಕ್ಕೆ ಅಲ್ವಾ ಸಾರ್?” ಅಂದ. ಸರಿಯಾಗಿ ಹಿಡಿದ. ಮೆಟ್‌ಕಾಫ್ ‘ಮುಂದೊಂದು ದಿನ ಇಂಟರ್ನೆಟ್ಟಿಗೆ ಕಷ್ಟ ಬರಬಹುದು’ ಅಂದಿದ್ದರೆ ಅವರನ್ನು ಇವತ್ತಿಗೂ ಯಾರೂ ಸೋಲಿಸಲು ಆಗುತ್ತಿರಲಿಲ್ಲ. ಅಂಥ ಮಾತಿಗೆ ಬೆಲೆಯೂ ಇರುತ್ತಿರಲಿಲ್ಲ. ಟಿವಿಯಲ್ಲಿ ಬೆಳಿಗ್ಗೆ ರಾಶಿಫಲ ಹೇಳುವವರು ಹಾಗೆ ಹೇಳುತ್ತಾರೆ: ಈ ವಾರ ಧನಲಾಭ, ಆದರೆ ಎಚ್ಚರ.

1998ರಲ್ಲಿ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್, 2005ರ ಹೊತ್ತಿಗೆ ಆರ್ಥಿಕತೆ ಮೇಲೆ ಇಂಟರ್ನೆಟ್ಟಿನ ಪರಿಣಾಮ ಫ್ಯಾಕ್ಸ್ ಯಂತ್ರಕ್ಕಿಂತ ಹೆಚ್ಚೇನೂ ಇರಲ್ಲ ಅಂತ ಬರೆದಿದ್ದರು. ಹತ್ತು ವರ್ಷದ ಮೇಲೆ, 2008ರಲ್ಲಿ, ಅವರಿಗೆ ನೊಬೆಲ್ ಬಂತು. ಬೇರೆ ಕೆಲಸಕ್ಕೆ, ಅಷ್ಟೇ. ಇನ್ನೊಂದು ತುದಿಯಲ್ಲಿ ಅಮೆರಿಕದ ಬರಹಗಾರ ಜಾನ್ ಪೆರ್ರಿ ಬಾರ್ಲೋ. ಸರ್ಕಾರಗಳಿಗೆ ಇಂಟರ್ನೆಟ್ ಮೇಲೆ ಯಾವ ಅಧಿಕಾರವೂ ಇಲ್ಲ ಅಂತ 1996ರಲ್ಲಿ ಘೋಷಣೆಯನ್ನೇ ಹೊರಡಿಸಿದರು. ಇವತ್ತು ಒಂದು ಜಿಲ್ಲೆಯಲ್ಲಿ ಗಲಾಟೆಯಾದರೆ ಮೊದಲು ನಿಲ್ಲುವುದೇ ಮೊಬೈಲ್ ಇಂಟರ್ನೆಟ್. ಹೆದರಿಸಿದವರೂ ತಪ್ಪಿದರು, ಹೊಗಳಿದವರೂ ತಪ್ಪಿದರು. ಯಾಕೆ ತಪ್ಪಿದರು ಅಂತ ಹುಡುಕುವುದು ಮಕ್ಕಳಿಗೆ ಒಳ್ಳೇ ಪಾಠ. ನೀತಿಕಥೆಗಿಂತ ಎಷ್ಟೋ ವಾಸಿ. ಅಮೆರಿಕದ ಎಲಾನ್ ವಿಶ್ವವಿದ್ಯಾಲಯದವರು 1990ರಿಂದ 95ರವರೆಗೆ ಇಂಟರ್ನೆಟ್ ಬಗ್ಗೆ ಜನ ಹೇಳಿದ ಇಂಥ ಸಾವಿರಾರು ಊಹೆಗಳನ್ನು ಒಂದು ಕಡೆ ಕೂಡಿಹಾಕಿ ಇಟ್ಟಿದ್ದಾರೆ. ಮೇಷ್ಟ್ರುಗಳಿಗೆ ಸರಕಿನ ಕೊರತೆ ಇಲ್ಲ.

ಎರಡನೇ ಶನಿವಾರ ನಮ್ಮದೇ ಊಹೆ. ಅದಕ್ಕೆ ಒಂದು ಕಟ್ಟುಪಾಡು: ಊರು ಹೇಳಬೇಕು, ವರ್ಷ ಹೇಳಬೇಕು, ಗೆದ್ದೆವೋ ಸೋತೆವೋ ಅಂತ ಹೇಗೆ ಗೊತ್ತಾಗುತ್ತೆ ಅನ್ನೋದನ್ನೂ ಹೇಳಬೇಕು. ಅರ್ಧ ಗಂಟೆ ಗುದ್ದಾಡಿ ಮಕ್ಕಳು ಇಳಿಸಿದ ವಾಕ್ಯ ಇದು: ‘2035ಕ್ಕೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹತ್ತು ವ್ಯಾಪಾರದಲ್ಲಿ ಒಂಬತ್ತು ನೋಟಿಲ್ಲದೆ ನಡೆಯುತ್ತವೆ.’ ಸಂತೆ ದಿನ ಗೇಟಿನ ಹತ್ತಿರ ನಿಂತು ನೂರು ಜನರನ್ನು ಎಣಿಸಿದರೆ ಗೊತ್ತಾಗುತ್ತೆ ಅಂದರು. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಬೇಡ.

ಪರ ಮಾತಾಡಿದವರಿಗೆ ಕೆಲಸ ಸುಲಭ ಅನಿಸಿತ್ತು. ಯುಪಿಐ ಬಂದದ್ದೇ 2016ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ನವೆಂಬರಿನಲ್ಲಿ ನೋಟು ರದ್ದು. ಇವತ್ತು ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಒಂದು ಕ್ಯೂಆರ್ ಕಾರ್ಡು ಕಟ್ಟಿದೆ. ಹೀಗೇ ಹೋದರೆ ಒಂಬತ್ತಲ್ಲ, ಹತ್ತಕ್ಕೆ ಹತ್ತು ಅಂದರು.

ವಿರೋಧದ ಕಡೆ ಒಬ್ಬ ಹುಡುಗ ಇದ್ದ. ಅವರಪ್ಪನದು ಬೇಕರಿ. “ಹೋದ ವರ್ಷ ಜುಲೈನಲ್ಲಿ ನಮ್ಮಪ್ಪ ಸ್ಕ್ಯಾನರ್ ತೆಗೆದು ಒಳಗಿಟ್ರು” ಅಂದ. ಕ್ಲಾಸು ಗಪ್‌ಚಿಪ್. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡು ಬಂದವು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಹೋದದ್ದು ದೊಡ್ಡ ಸುದ್ದಿಯಾಯಿತು. “ತರಕಾರಿಗೆ ಜಿಎಸ್‌ಟಿನೇ ಇಲ್ವಲ್ಲ ಸಾರ್?” ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ನೋಟಿಸು ಕಂಡದ್ದು ಖಾತೆಗೆ ಬಂದ ಹಣವನ್ನು ಮಾತ್ರ, ಬುಟ್ಟಿಯಲ್ಲಿ ಏನಿತ್ತು ಅನ್ನೋದನ್ನಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ. 2016ರಲ್ಲಿ ಯುಪಿಐ ಬಗ್ಗೆ ನಡೆದ ಮಾತುಕತೆಯಲ್ಲಿ ಚಿಲ್ಲರೆ ಸಮಸ್ಯೆ ತಪ್ಪುತ್ತೆ ಅನ್ನೋದಿತ್ತು, ಮೋಸ ಆಗಬಹುದು ಅನ್ನೋ ಭಯವೂ ಇತ್ತು. ಬೇಕರಿಯವನ ವರ್ಷವಿಡೀ ವ್ಯಾಪಾರ ಒಂದು ಪಟ್ಟಿಯಾಗಿ ಇನ್ನೊಬ್ಬರ ಮೇಜಿನ ಮೇಲೆ ಬೀಳುತ್ತೆ, ಅದನ್ನು ನೋಡಿ ಅವನು ಮತ್ತೆ ನೋಟಿಗೆ ಮರಳುತ್ತಾನೆ ಅನ್ನೋದು ಎಷ್ಟು ಜನಕ್ಕೆ ಹೊಳೆದಿತ್ತು? ಯಾವ ತಂತ್ರಜ್ಞಾನದ ಮೊದಲ ಪರಿಣಾಮವನ್ನೂ ಕಂಪನಿಯವರೇ ಜಾಹೀರಾತಿನಲ್ಲಿ ಹೇಳಿಬಿಡುತ್ತಾರೆ. ಎರಡನೆಯದನ್ನು, ಮೂರನೆಯದನ್ನು ನಾವೇ ಹುಡುಕಬೇಕು. ಮಕ್ಕಳಿಗೆ ಕಲಿಸಬೇಕಾದ ಪ್ರಶ್ನೆ ಒಂದೇ: ‘ಸರಿ, ಆಮೇಲೆ?’ ಎಲ್ಲರೂ ಸ್ಕ್ಯಾನ್ ಮಾಡ್ತಾರೆ, ಆಮೇಲೆ? ಲೆಕ್ಕ ಉಳಿಯುತ್ತೆ, ಆಮೇಲೆ? ಲೆಕ್ಕ ಯಾರ ಹತ್ತಿರ ಇರುತ್ತೆ? ಆಮೇಲೆ? ಮೂರು ಸಲ ‘ಆಮೇಲೆ’ ಕೇಳುವಷ್ಟರಲ್ಲಿ ನಾಣ್ಯದ ಎರಡು ಮುಖದ ಭಾಷಣ ತಾನಾಗೇ ಉದುರಿ ಹೋಗುತ್ತದೆ.

ಹಾಗಾದರೆ ಆ ದಿನ ಗೆದ್ದವರು ಯಾರು? ವೋಟು ಹಾಕಿಸಿದೆವು. ಶುರುವಿಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ಮೊದಲು ಪರಕ್ಕೆ ಕೈ ಎತ್ತಿದ್ದವರಲ್ಲಿ ಕೆಲವರು ಆಮೇಲೆ ಎತ್ತಲಿಲ್ಲ. ನನಗೆ ಬೇಕಾಗಿದ್ದು ಆ ಕೆಲವರು.

ಚರ್ಚೆ ಅನ್ನೋದು ಹೊರಗಿನಿಂದ ತರಬೇಕಾದ ವಸ್ತು ಅನ್ನುವ ಭಾವನೆ ಕೆಲವರಲ್ಲಿದೆ. ಇಂಗ್ಲಿಷ್ ಶಾಲೆಗಳಲ್ಲಿ ಕೋಟು ಹಾಕಿಕೊಂಡು ಮಾಡುವಂಥದ್ದು ಅಂತ. ಶೃಂಗೇರಿ, ಕೊಪ್ಪದ ಕಡೆಯವರು ಇದನ್ನು ಒಪ್ಪಲಾರರು. ಮಳೆಗಾಲದಲ್ಲಿ ಅಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ, ಬರೆದುಕೊಂಡದ್ದು ಏನೂ ಇಲ್ಲದೆ, ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಯಾವ ಧರ್ಮ ಅದು ಅಂತ ವಾಲಿ ಕೇಳಿದರೆ ರಾಮನಾದವನು ಉತ್ತರ ಕೊಡಲೇಬೇಕು. ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಎದುರಿನವನು ಯಾವ ದಾರಿಯಲ್ಲಿ ಬರುತ್ತಾನೋ ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಕಿವಿ ತೆರೆದೇ ಕೂತಿರಬೇಕು. ಇವತ್ತು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಅರ್ಥ ಹೇಳುತ್ತಾರೆ. ಅದರಿಂದ ಅವರನ್ನು ಯಾರೂ ಎರಡು ನಾಲಿಗೆಯವರು ಅನ್ನುವುದಿಲ್ಲ.

ಹಳೇ ನ್ಯಾಯಶಾಸ್ತ್ರದಲ್ಲಿ ಮಾತಿನ ಜಗಳವನ್ನು ಮೂರು ಥರ ಮಾಡಿದ್ದಾರೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದು ಅಂತ ಏನೂ ಇಲ್ಲದೆ ಎದುರಿನವನನ್ನು ಕೆಡವುವುದಷ್ಟೇ ವಿತಂಡ. ಮೂರನೆಯದು ನಮ್ಮ ಮನೆಮಾತಿನಲ್ಲಿ ಹಾಗೇ ಉಳಿದಿದೆ, “ವಿತಂಡವಾದ ಮಾಡಬೇಡ” ಅಂತ ಅಮ್ಮಂದಿರು ದಿನಾ ಬೈಯುತ್ತಾರೆ. ಶಂಕರರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪುಗಾರಳಾಗಿ ಕೂತವಳು ಮಂಡನರ ಹೆಂಡತಿ ಉಭಯಭಾರತಿ ಅಂತ ಕಥೆ. ಸೋತ ಮಂಡನರೇ ಸುರೇಶ್ವರರಾಗಿ ಶೃಂಗೇರಿ ಪೀಠಕ್ಕೆ ಬಂದರು ಅಂತ ಅಲ್ಲಿನ ಪರಂಪರೆ ಹೇಳುತ್ತದೆ. ಸೋತವನಿಗೆ ಪೀಠ! ಫೇಸ್‌ಬುಕ್ ಕಾಮೆಂಟುಗಳಲ್ಲಿ ಇದನ್ನು ನೋಡಿದ್ದೀರಾ?

ಈ ತಾಳಮದ್ದಲೆ ಕ್ರಮವನ್ನು ಕ್ಲಾಸಿಗೆ ತಂದೆವು. ಮಾತಾಡುವ ಮೊದಲು ಎದುರಿನವರು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕು, ಅವರು “ಹೌದು, ನಾನು ಹೇಳಿದ್ದು ಅದೇ” ಅನ್ನಬೇಕು. ಆಮೇಲೆ ಉತ್ತರ. ಕೇಳಲು ಸುಲಭ. ಮಾಡಿ ನೋಡಿ. ಮೊದಲ ದಿನ ಹತ್ತು ಜನರಲ್ಲಿ ಇಬ್ಬರಿಗೆ ಬಂತು. ನನಗೂ ಒಂದು ಸಲ ತಪ್ಪಿತು. ಎರಡನೇ ನಿಯಮ, ಅರ್ಧ ಹೊತ್ತಾದ ಮೇಲೆ ಪಕ್ಷ ಬದಲು. ಚಾಟ್‌ಜಿಪಿಟಿಯ ಭಾಷಣಕ್ಕೂ ಇದೇ ಮದ್ದು. ಬರೆಸಿಕೊಂಡು ಬನ್ನಿ, ಬೇಡ ಅನ್ನಲ್ಲ. ಆದರೆ ಎದುರಿನವರು ಮೂರು ಪ್ರಶ್ನೆ ಕೇಳಿದಾಗ ಚೀಟಿಯಲ್ಲಿ ಉತ್ತರ ಇರುವುದಿಲ್ಲ.

ಪಕ್ಷ ಬದಲಿಸುವುದರ ಬಗ್ಗೆ ಒಬ್ಬ ಮೇಡಂ ಆಕ್ಷೇಪ ಎತ್ತಿದರು. “ಹೀಗೆ ಎರಡೂ ಕಡೆ ಮಾತಾಡಿ ಮಾತಾಡಿ ಮಕ್ಕಳಿಗೆ ಯಾವುದರಲ್ಲೂ ನಂಬಿಕೆ ಇಲ್ಲದ ಹಾಗೆ ಆಗಲ್ವಾ?” ಇದನ್ನು ತಳ್ಳಿಹಾಕಲು ಆಗಲಿಲ್ಲ. ಮಾತಿನ ಮಲ್ಲರನ್ನು ತಯಾರು ಮಾಡುವ ಅಪಾಯ ನಿಜವಾಗಿಯೂ ಇದೆ. ಅದಕ್ಕೇ ಕೊನೆಯ ಐದು ನಿಮಿಷ ಪರ-ವಿರೋಧ ಎರಡನ್ನೂ ಬದಿಗಿಟ್ಟು, ‘ಈಗ ನಿಮಗೆ ನಿಜವಾಗಿ ಏನನಿಸುತ್ತೆ’ ಅಂತ ಕೇಳುತ್ತೇವೆ. ಅಲ್ಲಿ ಬರುವ ಮಾತು ವೇದಿಕೆಯ ಮಾತಿಗಿಂತ ಮೆಲ್ಲಗಿರುತ್ತದೆ, ಚೆನ್ನಾಗಿರುತ್ತದೆ.

ಮೂರನೇ ವಿಷಯ ಹಾಸನದ ಹೊಸ್ತಿಲಲ್ಲೇ ಇತ್ತು. ಸಾಲಗಾಮೆ ರಸ್ತೆಯಲ್ಲಿ ಹೋಗುವವರೆಲ್ಲ ಇಸ್ರೋದ ದೊಡ್ಡ ಆ್ಯಂಟೆನಾಗಳನ್ನು ನೋಡಿರುತ್ತಾರೆ. ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಅಂತಲೇ ಊರಿಗೆಲ್ಲ ಗೊತ್ತು. 1982ರಿಂದ ನಮ್ಮ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿಂದ ಒಂದೂವರೆ ಗಂಟೆ ದೂರದ ಸಕಲೇಶಪುರದ ಒಳಹಳ್ಳಿಗೆ ಹೋದರೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಬರುವುದು ಕಷ್ಟ. ಕೊರೊನಾ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತಿದ್ದನ್ನು ಎಲ್ಲರೂ ನೋಡಿದ್ದೇವೆ. 2025ರ ಜೂನ್‌ನಲ್ಲಿ, ಉಪಗ್ರಹದಿಂದ ನೇರವಾಗಿ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ದೂರಸಂಪರ್ಕ ಇಲಾಖೆ ಪರವಾನಗಿ ಕೊಟ್ಟಿತು. ಹಾಗಾಗಿ ಊಹೆ: ‘2030ಕ್ಕೆ ಮಲೆನಾಡಿನ ನೆಟ್‌ವರ್ಕ್ ತೊಂದರೆಯನ್ನು ಉಪಗ್ರಹ ತೀರಿಸುತ್ತದೆ.’

ಪರದವರು ಲೆಕ್ಕ ಮಾಡಿಕೊಂಡು ಬಂದಿದ್ದರು. ಎಂಸಿಎಫ್ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಅತ್ತಲಿಂದ ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಅಂಥ ಉಪಗ್ರಹದ ಮೂಲಕ ಮಾಡಿದ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಇದರಿಂದಲೇ. ಹೊಸ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸುತ್ತುತ್ತವೆ. ಆ ತೊಂದರೆ ಇಲ್ಲ. ಟವರ್ ಬೇಡ, ಗುಡ್ಡಕ್ಕೆ ಕೇಬಲ್ ಎಳೆಯುವುದು ಬೇಡ. ಆಕಾಶ ಕಾಣುವ ಕಡೆ ಒಂದು ಡಿಶ್ ಇಟ್ಟರೆ ಸಾಕು. ವಾದ ಗಟ್ಟಿಯಾಗಿತ್ತು.

ಆಗ ಕಾಫಿ ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲುಮನೆಯಿಂದ) ಬರುವ ಒಬ್ಬ ಹುಡುಗಿ ಎದ್ದಳು. “ಸಾರ್, ಡಿಶ್‌ಗೆ ಆಕಾಶ ಕಾಣಬೇಕು ಅಂದ್ರಿ. ನಮ್ಮನೆ ಮೇಲೆ ಆಕಾಶ ಎಲ್ಲಿದೆ? ಸಿಲ್ವರ್ ಮರ ಇದೆ.” ಕಾಫಿಗೆ ನೆರಳು ಬೇಕು, ಡಿಶ್‌ಗೆ ಬಯಲು ಬೇಕು. ಕಡಿಯೋಣ ಅಂದರೆ ಮರ ಸಾಹುಕಾರರದು. ಆಮೇಲೆ ಅವಳೇ ಮುಂದುವರಿಸಿದಳು: ಬಂಗಲೆ ಎದುರು ಅಂಗಳ ಇದೆ, ಕಾಫಿ ಕಣ ಇದೆ, ಅಲ್ಲಿ ಡಿಶ್ ಹಾಕಬಹುದು; ಹಾಗಾದರೆ ನೆಟ್ ಬರುವುದು ಬಂಗಲೆಗೆ, ನಮಗಲ್ಲ. ಇಂಟರ್ನೆಟ್ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನುವುದರ ಬಗ್ಗೆ ದೊಡ್ಡ ದೊಡ್ಡ ವರದಿಗಳಿವೆ. ನಾನು ಓದಿದ್ದೇನೆ. ನಲವತ್ತು ಸೆಕೆಂಡಿನಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನೆನಪಿಲ್ಲ.

ಸ್ಥಳೀಯ ವಿಷಯದ ಲಾಭ ಇದು. ಮಕ್ಕಳಿಗೆ ಸಾಕ್ಷಿ ಮನೆಯಲ್ಲೇ ಸಿಗುತ್ತದೆ. ಆನೆಯದ್ದೇ ತೆಗೆದುಕೊಳ್ಳಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಎಲ್ಲಿದೆ ಅನ್ನೋದು ಬೆಳಿಗ್ಗೆ ಮೊಬೈಲಿಗೇ ಬರುತ್ತದೆ. ರೇಡಿಯೋ ಕಾಲರ್ ಹಾಕಿದ ಆನೆಗಳಿವೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆ 2022ರಿಂದ ಇದೆ, ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಿವೆ. ‘ಬೀಟಮ್ಮ ಆನೆ ಗುಂಪು ಇಂಥ ತೋಟದ ಹತ್ತಿರ’ ಅಂತ ಮೆಸೇಜು ಬಂದರೆ ಕೂಲಿಯವರು ಆ ಕಡೆ ಹೋಗುವುದಿಲ್ಲ. ಜೀವ ಉಳಿಸುವ ಮೆಸೇಜು. ‘ಆಮೇಲೆ?’ ಅಂತ ಕೇಳಿದಾಗ ಮಕ್ಕಳೇ ಹೇಳಿದರು: ಅದೇ ಮೆಸೇಜು ನೋಡಿ ಬೈಕು ಹತ್ತಿಕೊಂಡು ರೀಲ್ಸ್ ಮಾಡಲು ಬರುವವರೂ ಇದ್ದಾರೆ. ಹಳೇ ಮೆಸೇಜನ್ನು ಇವತ್ತಿನದು ಅಂತ ಫಾರ್ವರ್ಡ್ ಮಾಡುವವರಿದ್ದಾರೆ. ಇನ್ನು ನೆಟ್‌ವರ್ಕ್ ಇಲ್ಲದ ಆದಿವಾಸಿ ಹಾಡಿಗೆ ಮೆಸೇಜು ತಲುಪುವುದು ಆನೆ ಬಂದು ಹೋದ ಮೇಲೆ.

ಕಾಫಿ ರೇಟಿನ ವಿಷಯವೂ ಅಷ್ಟೇ. ರೊಬಸ್ಟಾ ತಳಿಗೆ ಲಂಡನ್ ಮಾರುಕಟ್ಟೆಯ ಬೆಲೆ, ಅರೇಬಿಕಾ ತಳಿಗೆ ನ್ಯೂಯಾರ್ಕಿನದು. ಚಿಕ್ಕಮಗಳೂರಿನ ಬೆಳೆಗಾರರು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ನೋಡುತ್ತಾರೆ. ಇಂಟರ್ನೆಟ್ ಬಂದರೆ ರೈತ ದಲ್ಲಾಳಿಯ ಕೈಯಿಂದ ಪಾರಾಗುತ್ತಾನೆ ಅಂತ ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಬೆಲೆ ಗೊತ್ತಾಯಿತು, ನಿಜ. ಆದರೆ 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಬೀಜದ ತೂಕ, ಎಷ್ಟು ಅಂತ ಹೇಳುವವನು ಈಗಲೂ ಊರಿನ ವ್ಯಾಪಾರಿಯೇ. ಎರಡು ಎಕರೆಯವನಿಗೆ ನ್ಯೂಯಾರ್ಕ್ ರೇಟು ಗೊತ್ತಿದ್ದರೂ ಕಾಯುವ ಶಕ್ತಿ ಇಲ್ಲ. ಸಾಲದ ಕಂತು ಕಾಯಲ್ಲ.

ಈ ಎಲ್ಲದರಲ್ಲಿ ಜೋರು ಗಲಾಟೆ ಆದದ್ದು ವಯಸ್ಸಿನ ವಿಷಯಕ್ಕೆ. ಆಸ್ಟ್ರೇಲಿಯಾದಲ್ಲಿ 16 ವರ್ಷಕ್ಕಿಂತ ಚಿಕ್ಕವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ ಎಂಬ ಕಾನೂನು 2024ರ ನವೆಂಬರಿನಲ್ಲಿ ಪಾಸಾಗಿ, 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ಮಗುವಿಗಾಗಲಿ ಅಪ್ಪ-ಅಮ್ಮನಿಗಾಗಲಿ ದಂಡ ಇಲ್ಲ. ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಬೀಳಬಹುದು. ನಮ್ಮಲ್ಲಿ 2023ರ ಡೇಟಾ ರಕ್ಷಣೆ ಕಾಯ್ದೆ 18 ದಾಟದವರನ್ನೆಲ್ಲ ಮಕ್ಕಳು ಅನ್ನುತ್ತದೆ. ಅವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೇ ಅಂತ ಪರೀಕ್ಷಿಸಬೇಕು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಪೂರ್ತಿ ಜಾರಿಗೆ ಇನ್ನೂ ಸಮಯವಿದೆ. ಮಕ್ಕಳ ವಯಸ್ಸು ಪರೀಕ್ಷಿಸಬೇಕಾದರೆ ದೊಡ್ಡವರ ವಯಸ್ಸನ್ನೂ ಪರೀಕ್ಷಿಸಬೇಕಲ್ಲ, ಆಗ ಎಲ್ಲರ ಗುರುತೂ ಕಂಪನಿಗೆ ಕೊಟ್ಟ ಹಾಗಾಯಿತಲ್ಲ ಅಂತ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ. ದೊಡ್ಡ ದೊಡ್ಡ ವಕೀಲರು ಕೇಳುತ್ತಿರುವುದೂ ಇದನ್ನೇ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಬ್ಬಳ ಮಾತು. ಅವಳಿಗೆ ಕೊಟ್ಟಿದ್ದು ನಿಷೇಧ ಬೇಕು ಎಂಬ ಪಕ್ಷ. ಚೆನ್ನಾಗಿಯೇ ಮಾತಾಡಿದಳು. ಕೊನೆಯ ಐದು ನಿಮಿಷದಲ್ಲಿ ನಿಜವಾಗಿ ಏನನಿಸುತ್ತೆ ಅಂದಾಗ, “ನಮ್ಮಣ್ಣಂಗೆ ಎಂಟನೇ ಕ್ಲಾಸಲ್ಲೇ ಫೋನ್ ಕೊಡ್ಸಿದ್ರು. ನಂಗೆ ಹದಿನಾರು ಆದ್ರೂ ಕೊಡ್ಸಲ್ಲ. ಈ ಕಾನೂನು ಬಂದ್ರೆ ಅವ್ನು ಹೇಗೋ ನೋಡ್ತಾನೆ, ನಂಗೆ ಇನ್ನೊಂದು ನೆಪ ಸಿಕ್ತು ಅಂತ ಮನೇಲಿ ಖುಷಿ ಪಡ್ತಾರೆ” ಅಂದಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇನೆ ಅಂದ ಗಂಡಸರು ಶೇ 57, ಹೆಂಗಸರು ಶೇ 33. ಆ ಅಂಕಿಯನ್ನು ನಾನು ಹಲವು ಕಡೆ ಹೇಳಿದ್ದೇನೆ. ಅದು ಒಂದು ಮನೆಯೊಳಗೆ, ಅಣ್ಣ-ತಂಗಿಯ ನಡುವೆ ಹೇಗೆ ಇರುತ್ತೆ ಅಂತ ಅವತ್ತು ತಿಳಿಯಿತು.

ಇಷ್ಟೆಲ್ಲ ಮಾತಾಡಿ ಏನು ಪ್ರಯೋಜನ, ತೀರ್ಮಾನ ಮಾಡುವವರು ಬೇರೆ ಯಾರೋ ಅಲ್ವಾ ಅಂತ ದೊಡ್ಡ ಮಕ್ಕಳು ಕೇಳುತ್ತಾರೆ. ಅವರಿಗೆ ಹೇಳಲು ಎರಡು ಘಟನೆ ಇಟ್ಟುಕೊಂಡಿದ್ದೇನೆ. 2015ರಲ್ಲಿ ಕೆಲವೇ ವೆಬ್‌ಸೈಟುಗಳನ್ನು ಉಚಿತವಾಗಿ ಕೊಡುವ ಯೋಜನೆ ಫೇಸ್‌ಬುಕ್‌ನದ್ದಿತ್ತು, ಮುಂದೆ ಫ್ರೀ ಬೇಸಿಕ್ಸ್ ಅಂತ ಹೆಸರಾಯಿತು. ಬಡವರಿಗೆ ಏನೂ ಇಲ್ಲದ್ದಕ್ಕಿಂತ ಇದು ಮೇಲು ಅಂತ ಒಂದು ವಾದ. ಬಡವರಿಗೆ ಬೇರೆಯದೇ ಚಿಕ್ಕ ಇಂಟರ್ನೆಟ್ ಯಾಕೆ ಅಂತ ಇನ್ನೊಂದು ವಾದ. ಎರಡೂ ಗಟ್ಟಿ. ಇಂಟರ್ನೆಟ್ಟಿನಲ್ಲಿ ಭೇದಭಾವ ಬೇಡ ಅಂತ ಆ ವರ್ಷ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ಭೇದದ ದರಗಳನ್ನು ನಿಷೇಧಿಸಿತು. ಇನ್ನೊಂದು ದುಃಖದ ಕಥೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುಳ್ಳು ನಂಬಿ ದೇಶದ ಹಲವೆಡೆ ಜನ ಅಮಾಯಕರನ್ನು ಹೊಡೆದು ಕೊಂದರು. ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ ಒಬ್ಬ ಯುವಕ ಸತ್ತ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಹಾಕಿತು. ಫಾರ್ವರ್ಡ್ ಗುಂಡಿಯಲ್ಲಿ ಒಂದು ಸಂಖ್ಯೆ ಬದಲಾದದ್ದಷ್ಟೇ. ಮೊದಲೇ ಯಾರಾದರೂ ಕೂತು ‘ಆಮೇಲೆ?’ ಅಂತ ಕೇಳಿದ್ದರೆ ಅದು ಮೊದಲೇ ಬದಲಾಗಬಹುದಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಪೀರಿಯಡ್ ಎಲ್ಲಿ ಸಾರ್ ಅಂತ ಮೇಷ್ಟ್ರುಗಳು ಕೇಳುವುದು ನ್ಯಾಯವೇ. ನಮಗೂ ತಿಂಗಳಿಗೆ ಎರಡು ಶನಿವಾರ ಸಿಕ್ಕಿದರೆ ಪುಣ್ಯ. ಡಿಸೆಂಬರ್ ಬಂದರೆ ಅದೂ ಇಲ್ಲ.

ಮೊನ್ನೆ ಮತ್ತೆ ಒಂದು ಸ್ಪರ್ಧೆಗೆ ನಿರ್ಣಾಯಕನಾಗಿ ಹೋಗಿದ್ದೆ. ಅದೇ ನಾಲ್ಕು ಕಾಲಂನ ಹಾಳೆ ಕೊಟ್ಟರು. ನಾನು ಸ್ಕೇಲ್ ಇಸ್ಕೊಂಡು ಪಕ್ಕದಲ್ಲಿ ಐದನೇ ಗೆರೆ ಎಳೆದೆ. ಮೇಲೆ ‘ಎದುರಾಳಿಗೆ ಉತ್ತರ – 10’ ಅಂತ ಬರೆದು ಉಳಿದ ಇಬ್ಬರಿಗೂ ತೋರಿಸಿದೆ. ಅವರಿಗೆ ಒಪ್ಪಿಗೆಯಾಯಿತು. ಸಂಚಾಲಕರು ಮಾತ್ರ ಹಾಳೆ ನೋಡಿ ತಲೆ ಕೆರೆದುಕೊಂಡರು.

“ಟೋಟಲ್ 50 ಬರಬೇಕು ಸಾರ್. ನಿಮ್ದು 60 ಆಗುತ್ತೆ.”

ಹಾವಭಾವದ ಕಾಲಂ ಹೊಡೆದು ಹಾಕಿದೆ.